ಇಪ್ಪತ್ತೆರಡನೇ ಬರ್ತಿನ ನೀರಿನ ಲೆಕ್ಕ

ಕುವೈತ್, ೧೦ ಜೂನ್ ೧೯೯೧

ಝುಬೈದಾ,

ಅಸ್ಸಲಾಮು ಅಲೈಕುಂ. ಒಟ್ಟು ಖರ್ಚನ್ನು ಮೊದಲು ಬರೆಯುತ್ತೇನೆ, ವಿವರ ಆಮೇಲೆ. ತೊಂಬತ್ತಮೂರು ದಿನ. ದಿನಕ್ಕೆ ನಲವತ್ತರಂತೆ ಮೂರು ಸಾವಿರದ ಏಳುನೂರ ಇಪ್ಪತ್ತು ಲೀಟರ್ ಸಿಹಿನೀರು. ಕೊಳೆತ ಮೀನು ಹದಿನಾಲ್ಕು ಬಕೆಟ್. ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ಒಂದು ಸೀಟು. ಬೊಂಬಾಯಿಯಿಂದ ಕುವೈತಿಗೆ ನಿನ್ನ ಹೆಸರಿನಲ್ಲಿ ಒಂದು ಟಿಕೆಟ್. ನನ್ನ ಎಡಗೈಯ ಎರಡು ಬೆರಳು. ಇವೆ, ಮಡಚುವುದಿಲ್ಲ ಅಷ್ಟೆ. ಒಬ್ಬ ಮುದುಕ.

ನೀನು ಕಳಿಸಿದ ಕಟ್ಟು ಮೊನ್ನೆ ತಲುಪಿತು. ನಾನು ನಿನಗೆ ಬರೆದದ್ದು, ನೀನು ನನಗೆ ಬರೆದು ಅಂಚೆಯವರು ಸೇವೆ ಇಲ್ಲವೆಂದು ನಿನಗೇ ವಾಪಸ್ಸು ಕೊಟ್ಟದ್ದು, ಎಲ್ಲವನ್ನೂ ಒಂದೇ ಬೀಡಿ ದಾರದಲ್ಲಿ ಕಟ್ಟಿದ್ದೀ. ಲೆಕ್ಕ ನೀವೇ ಮಾಡಿ ಎಂದಿದ್ದೀ. ನನ್ನ ಹತ್ತಿರ ಇದ್ದ ನಿನ್ನ ಪತ್ರವನ್ನೂ ಸೇರಿಸಿ ತಾರೀಕಿನ ಪ್ರಕಾರ ಜೋಡಿಸಿದ್ದೇನೆ. ನಾನು ಸುಳ್ಳು ಬರೆದ ಕಡೆ ತಿದ್ದಲು ಹೋಗಿಲ್ಲ. ಹಾಗೇ ಓದು.

*

ಕುವೈತ್, ೫ ಮೇ ೧೯೯೦

ಪ್ರೀತಿಯ ಝುಬೈದಾಗೆ,

ಅಸ್ಸಲಾಮು ಅಲೈಕುಂ. ನಾನು ಕ್ಷೇಮ. ಪೆರ್ನಾಲ್ ಹಬ್ಬಕ್ಕೆ ಅಹ್ಮದ್ ಬಾವಾನ ಕೈಯಲ್ಲಿ ನೀನು ಕಳಿಸಿದ ಮೀನಿನ ಮಸಾಲೆ ಪುಡಿ ಬಂತು. ಅದರಲ್ಲಿ ಅರ್ಧ ಒಬ್ಬ ಇಂಗ್ಲಿಷ್ ಹೆಂಗಸಿಗೆ ಹೋಯಿತು. ಕಣ್ಣು ಕೆಂಪು ಮಾಡಬೇಡ. ಅವಳಿಗೆ ಅರುವತ್ತು ವರ್ಷ, ಜೊತೆಗೆ ಗಂಡನೂ ಇದ್ದಾನೆ.

ನಮ್ಮ ಮರೀನಾದಲ್ಲಿ ದೋಣಿ ಕಟ್ಟುವ ಜಾಗ ಮೂವತ್ತು ಉಂಟು, ಬರ್ತ್ ಎನ್ನುತ್ತಾರೆ. ಇಪ್ಪತ್ತೊಂಬತ್ತು ದೋಣಿಗಳ ಯಜಮಾನರು ಶುಕ್ರವಾರ ಬಂದು ಎಂಜಿನ್ ಚಾಲೂ ಮಾಡಿ, ಫೋಟೋ ತೆಗೆದು, ಮನೆಗೆ ಹೋಗುವವರು. ಇಪ್ಪತ್ತೆರಡನೆಯದರಲ್ಲಿ ಮಾತ್ರ ಸಂಸಾರ. ಡೆನಿಸ್ ಸಾಹೇಬ, ಮಾರ್ಜರಿ ಮೇಡಂ. ಆತ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವ. ತಾನು ಪಾಠ ಮಾಡಿದ ಊರುಗಳು ನಿಜವಾಗಿ ಇವೆಯಾ ಎಂದು ನೋಡಲು ಮನೆ ಮಾರಿ ಹಾಯಿದೋಣಿ ಕೊಂಡನಂತೆ. ಆರು ವರ್ಷದಿಂದ ಇಬ್ಬರೂ ನೀರಿನ ಮೇಲೆ. ಮಸ್ಕತ್ ಕಡೆಯಿಂದ ಬರುವಾಗ ಎಂಜಿನ್ನಿನ ಗೇರು ಕೆಟ್ಟು ಇಲ್ಲಿ ಸೇರಿದರು. ಬಿಡಿಭಾಗ ಅವರ ಊರಿಂದ ಬರಬೇಕು. ಬರ್ತಾ ಉಂಟು, ಬರ್ತಾ ಉಂಟು ಎಂದು ಮೂರು ತಿಂಗಳಾಯಿತು.

ಮೇಡಂ ಬೆಳಿಗ್ಗೆ ಬಕೆಟಿನಲ್ಲಿ ಬಟ್ಟೆ ಒಗೆದು ಹಾಯಿಯ ತಂತಿಗೆ ಸಿಕ್ಕಿಸುತ್ತಾಳೆ. ನಮ್ಮ ಮಾಲೀಕ ಅಬು ಫೈಸಲ್‌ಗೆ ಅದು ಕಂಡರಾಗದು. "ಅಲಿ, ಇದು ಮರೀನಾವೋ ಧೋಬಿ ಘಾಟೋ?" ಎಂದರು. "ಅರ್ಬಾಬ್, ಬಾಡಿಗೆ ಒಂದನೇ ತಾರೀಕಿಗೆ ಕೊಡುವ ಬರ್ತ್ ಅದೊಂದೇ" ಎಂದೆ. ಖಲಾಸ್, ವಿಷಯ ಅಲ್ಲಿಗೆ ಮುಗಿಯಿತು. ಸಂಜೆ ಡೆನಿಸ್ ಡೆಕ್ಕಿನ ಹಲಗೆಗಳಿಗೆ ನೀರು ಹಾಕುತ್ತಾನೆ, ಒಣಗಿದರೆ ಮರ ಬಿರಿಯುತ್ತದಂತೆ. ಶನಿವಾರ ಜೆಟ್ಟಿಯ ಮೇಲೆ ಕುರ್ಚಿ ಹಾಕಿಸಿ ಅವನ ತಲೆಗೂದಲನ್ನು ಅವಳೇ ಕತ್ತರಿಸುತ್ತಾಳೆ. ಜಗಳವೂ ಉಂಟು. ಮೂವತ್ತಾರು ಅಡಿ ದೋಣಿಯಲ್ಲಿ ಮುನಿಸಿಕೊಂಡು ಹೋಗುವುದೆಲ್ಲಿಗೆ? ಅವನು ಮುಂದಿನ ತುದಿಯಲ್ಲಿ ಕೂರುತ್ತಾನೆ, ಅವಳು ಹಿಂದಿನ ತುದಿಯಲ್ಲಿ. ಐದು ಗಂಟೆಯ ಚಹಾಕ್ಕೆ ನಡುವೆ ಸೇರುತ್ತಾರೆ.

ನನ್ನ ಕೆಲಸ ಎಂದಿನದೇ. ಬೆಳಿಗ್ಗೆ ಆರಕ್ಕೆ ಮೂವತ್ತು ಬರ್ತುಗಳ ನೀರಿನ ಮೀಟರ್ ನೋಡಿ ರಿಜಿಸ್ಟರಿಗೆ ಏರಿಸುವುದು. ಮೂರು ಕಲಂ: ಬರ್ತ್, ಜನ, ನೀರು. ತಿಂಗಳ ಕೊನೆಗೆ ಗೇಟಿನ ದೊಡ್ಡ ಮೀಟರಿಗೆ ತಾಳೆ ಬರಬೇಕು. ಹನ್ನೊಂದು ವರ್ಷದಲ್ಲಿ ತಪ್ಪಿದ್ದಿಲ್ಲ. ಬೆಂಗ್ರೆಯಲ್ಲಿ ಐದನೇ ಕ್ಲಾಸು ಬಿಟ್ಟು ಬಲೆ ಎಳೆದವನ ಬರಹವನ್ನು ಅಬು ಫೈಸಲ್ ಈಗ ಅತಿಥಿಗಳಿಗೆ ತೋರಿಸುತ್ತಾರೆ.

ನಿನ್ನೆ ಇನ್ನೊಂದು ಲೆಕ್ಕ ಹಾಕಿದೆ. ನಮ್ಮ ಮದುವೆಯಾಗಿ ಹನ್ನೆರಡು ವರ್ಷ. ನನ್ನ ರಜೆಗಳನ್ನೆಲ್ಲ ಕೂಡಿಸಿದರೆ ನಾವು ಒಂದೇ ಮಾಡಿನ ಕೆಳಗೆ ಇದ್ದದ್ದು ಹದಿಮೂರು ತಿಂಗಳು.

ನಿನ್ನ,
ಅಲಿಕುಂಞಿ

*

ಬೆಂಗ್ರೆ, ಮಂಗಳೂರು, ೨೮ ಮೇ ೧೯೯೦

ಮಾನ್ಯರಾದ ನನ್ನವರಿಗೆ,

ವಅಲೈಕುಂ ಸಲಾಂ. ಪತ್ರ ಓದಿದೆ. ಆ ಮೇಡಮ್ಮಿನ ಬಟ್ಟೆ, ಚಹಾ, ಕತ್ತರಿ ಎಲ್ಲ ಸೇರಿ ಒಂದೂವರೆ ಪುಟ. ನನ್ನ ಬಗ್ಗೆ ಎರಡು ಸಾಲು, ಅದೂ ಲೆಕ್ಕ.

ನಿಮ್ಮ ಹದಿಮೂರು ತಿಂಗಳ ಲೆಕ್ಕವನ್ನು ಇಲ್ಲಿ ಯಾರಿಗೆ ತೋರಿಸಲಿ? ಊರಿನವರು ನನ್ನ ಹೊಟ್ಟೆ ನೋಡುತ್ತಾರೆ, ಕ್ಯಾಲೆಂಡರ್ ನೋಡುವುದಿಲ್ಲ. ಮೊನ್ನೆ ನಿಮ್ಮ ಅಕ್ಕ ಸೈನಬಾ ಬಂದು, "ಹನ್ನೆರಡು ವರ್ಷ ಆಯ್ತಲ್ಲ ಮಾರಾಯ್ತಿ, ಒಮ್ಮೆ ಡಾಕ್ಟರಿಗೆ ತೋರಿಸು" ಎಂದರು. "ಎಂತ ತೋರಿಸುವುದು ಅಕ್ಕಾ? ನಿಮ್ಮ ತಮ್ಮನ ಫೋಟೋ ತೆಗೊಂಡು ಹೋಗ್ಲಾ?" ಎಂದೆ. ಚಹಾ ಕುಡಿಯದೆ ಎದ್ದು ಹೋದರು.

ಅವರಿಬ್ಬರಿಗೆ ಮೂವತ್ತಾರು ಅಡಿ ಸಾಕಾಗುವುದಾದರೆ ನನಗೆ ಅದರ ಅರ್ಧ ಸಾಕು. ನನ್ನನ್ನು ಕರೆಸಿಕೊಳ್ಳಿ. ಪಾಸ್‌ಪೋರ್ಟ್ ಮಾಡಿಸಿದ್ದೇನೆ. ದುಡ್ಡು ಎಲ್ಲಿಂದ ಎಂದು ಕೇಳಬೇಡಿ.

ನಿಮ್ಮ,
ಝುಬೈದಾ

*

ಕುವೈತ್, ೨೨ ಜುಲೈ ೧೯೯೦

ಪ್ರೀತಿಯ ಝುಬೈದಾಗೆ,

ಕುಳಿತು ಓದು. ವೀಸಾ ಆಯಿತು. ಒಂದೂವರೆ ತಿಂಗಳು ಅಬು ಫೈಸಲ್‌ರ ಹಿಂದೆ ಬಿದ್ದೆ. ಒಬ್ಬನೇ ಕಫೀಲ್, ಒಬ್ಬನೇ ಮಾಲೀಕನ ಹತ್ತಿರ ಹನ್ನೊಂದು ವರ್ಷ ದುಡಿದವನಿಗೆ ಹೆಂಡತಿಯನ್ನು ಮೂರು ತಿಂಗಳು ನೋಡುವ ಹಕ್ಕಿಲ್ಲವಾ ಎಂದು ಕೇಳಿದೆ. ಸಹಿ ಹಾಕಿದರು. ಟಿಕೆಟ್ ಸೆಪ್ಟೆಂಬರ್ ಇಪ್ಪತ್ತಕ್ಕೆ. ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ.

ಪಂಪ್ ಹೌಸಿನ ಹಿಂದೆ ಒಂದು ಕೋಣೆ ಉಂಟು. ಹತ್ತು ಅಡಿ, ಹನ್ನೆರಡು ಅಡಿ. ಸುಣ್ಣ ಹೊಡೆದೆ. ಮೇಡಂ ಹಳೆಯ ಹಾಯಿಬಟ್ಟೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದು ಕೊಟ್ಟಳು, ಗಾಳಿಗೆ ಅದು ದೋಣಿಯ ಹಾಗೆಯೇ ಶಬ್ದ ಮಾಡುತ್ತದೆ.

ಅವರ ಗೇರಿನ ಭಾಗ ಕೊನೆಗೂ ಬಂತು. ಡೆನಿಸ್ ನನ್ನನ್ನು ಕೇಳಿದ, "ಮಿಸ್ಟರ್ ಅಲಿ, ಈಗಲೇ ಹೊರಡಲಾ, ಸೆಖೆ ಕಳೆಯಲಾ?" ಮೇಡಂ ಮಾತ್ರ ಆ ಮಸಾಲೆಯ ಹೆಂಗಸನ್ನು, ಅಂದರೆ ನಿನ್ನನ್ನು, ನೋಡದೆ ಹೊರಡುವುದಿಲ್ಲ ಎಂದಳು. ಅಕ್ಟೋಬರ್ ಆಗಲಿ, ಗಾಳಿ ಒಳ್ಳೆಯದಿರುತ್ತದೆ ಎಂದು ನಾನೂ ಹೇಳಿದೆ. ಕುಳಿತರು.

ಮಸಾಲೆ ಜಾಸ್ತಿ ತಾ.

ನಿನ್ನ,
ಅಲಿಕುಂಞಿ

*

ಕುವೈತ್, ೩೦ ಆಗಸ್ಟ್ ೧೯೯೦
(ಅಹ್ಮದ್ ಬಾವಾನ ಕೈಯಲ್ಲಿ)

ಝುಬೈದಾಗೆ,

ನಾನು ಕ್ಷೇಮ. ಇರಾಕಿನವರು ಬಂದು ಕೂತ ವಿಷಯ ರೇಡಿಯೋದಲ್ಲಿ ಕೇಳಿರುತ್ತೀ. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗುವ ಬಸ್ಸಿಗೆ ನಮ್ಮವರೆಲ್ಲ ಹೆಸರು ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೇನೆ. ಸರದಿ ಬಂದಿಲ್ಲ.

ಇಪ್ಪತ್ತೆರಡನೇ ಬರ್ತಿನವರು ಮೊದಲೇ ಹೊರಟು ಹೋದರು. ದೋಣಿಗೆ ಬೀಗ ಹಾಕಿದ್ದೇನೆ.

ದಾರಿಯಲ್ಲಿ ಎಷ್ಟು ಜನ ಇದನ್ನು ಬಿಚ್ಚಿ ಓದುತ್ತಾರೋ ತಿಳಿಯದು, ಅದಕ್ಕೇ ಇಷ್ಟು. ಪೆಟ್ಟಿಗೆ ಕಟ್ಟಿದ್ದರೆ ಸದ್ಯ ಬಿಚ್ಚಿಡು.

ಅಲಿಕುಂಞಿ

*

ಬೆಂಗ್ರೆ, ೨೦ ಸೆಪ್ಟೆಂಬರ್ ೧೯೯೦
(ತಲುಪದೆ ವಾಪಸ್ಸು ಬಂದದ್ದು)

ನನ್ನವರಿಗೆ,

ಇಂದು ಇಪ್ಪತ್ತನೇ ತಾರೀಕು. ಟಿಕೆಟಿನ ದಿನ.

ಬೆಳಿಗ್ಗೆ ಅಹ್ಮದ್ ಬಾವಾ ಫೆರಿ ದಾಟಿ ಬಂದು ನಿಮ್ಮ ಪತ್ರ ಕೊಟ್ಟರು. ಅರ್ಧ ಆಗಿದ್ದಾರೆ. ದಾರಿಯಲ್ಲಿ ಗಡಿಯ ಮರಳಿನಲ್ಲಿ ಹನ್ನೆರಡು ದಿನ ಕಳೆದರಂತೆ. ಸರದಿ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಅವರಿಗೆ ಸುಳ್ಳು ಹೇಳಲು ಬರಲಿಲ್ಲ.

"ಅವನ ಸರದಿ ನನ್ನ ಜೊತೆಯೇ ಬಂತಲ್ಲ ತಂಗೀ. ಹೆಸರು ಕೂಗಿದರು, ಹತ್ತಿದ, ಕೂತ. ಮತ್ತೆ ಎದ್ದು ಹೋಗಿ ಅಡಿಗೆ ಕೆಲಸದ ಕುಂಞಿಪಾತುಮ್ಮ ಅಂತ ಒಬ್ಬರು ಅಜ್ಜಿಯನ್ನು ತನ್ನ ಸೀಟಿನಲ್ಲಿ ಕೂರಿಸಿ ಇಳಿದುಬಿಟ್ಟ. ಬಸ್ಸು ಹೊರಡುವ ಮೊದಲು ಈ ಕಾಗದ ಗೀಚಿ ಕಿಟಕಿಯಿಂದ ಕೊಟ್ಟ."

"ಯಾಕೆ ಅಂತ ಕೇಳಲಿಲ್ವಾ ನೀವು?"

"ಕೇಳಿದೆ. ಬೆಳಿಗ್ಗೆ ಮೀಟರ್ ನೋಡುವವರು ಯಾರು ಅಂದ. ತಮಾಷೆ ಅಂದುಕೊಂಡೆ."

ನನಗೆ ತಮಾಷೆ ಅನಿಸಲಿಲ್ಲ. ಆ ಬಿಳಿಯರೇ ಹೋದ ಮೇಲೆ ಅವರ ಮೀಟರ್ ನೋಡುವವರು ಯಾಕೆ ಉಳಿಯುತ್ತಾರೆ? ನಿಮ್ಮನ್ನು ಅಲ್ಲಿ ಕಟ್ಟಿಹಾಕಿದ್ದು ಎಂತ? ಒಂದು ಸಾಲು ನಿಜ ಬರೆಯಿರಿ. ಬೇರೇನೂ ಬೇಡ.

ಝುಬೈದಾ

*

ಕುವೈತ್, ೬ ಅಕ್ಟೋಬರ್ ೧೯೯೦
(ಮುತ್ತಲಿಬನ ಕೈಯಲ್ಲಿ)

ಝುಬೈದಾಗೆ,

ಇಲ್ಲೇ ಮಂಗಫಿನಲ್ಲಿ ಇದ್ದ ನಮ್ಮವ ಮುತ್ತಲಿಬ್ ನಾಳೆ ಊರಿಗೆ ಹೊರಡುತ್ತಾನೆ. ಇದು ಬಹುಶಃ ಕೊನೆಯ ಬಸ್ಸು.

ನಾನು ಸೀಟು ಬಿಟ್ಟ ಸುದ್ದಿ ಅಹ್ಮದ್ ಬಾವಾ ನಿನಗೆ ಹೇಳದೆ ಇರುವವನಲ್ಲ. ಆದ್ದರಿಂದ ಕಾರಣ ಹೇಳಿಬಿಡುತ್ತೇನೆ. ಅಬು ಫೈಸಲ್ ಸೌದಿಗೆ ಹೋಗಿ ಕುಳಿತಿದ್ದಾರೆ. ನನ್ನ ಹನ್ನೊಂದು ವರ್ಷದ ಸರ್ವೀಸಿನ ಹಣ ಎರಡು ಸಾವಿರದ ಇನ್ನೂರು ದಿನಾರ್ ಅವರ ಹತ್ತಿರ ಉಂಟು. ದೋಣಿ ಕಾದವನಿಗೆ ಅದು ಸಿಗುತ್ತದೆ, ಬಿಟ್ಟು ಓಡಿದವನಿಗಿಲ್ಲ. ಅಷ್ಟು ಹಣ ಬಿಟ್ಟು ಬರುವ ಗಂಡಸು ನಾನಲ್ಲ ಎಂದು ನಿನಗೆ ಗೊತ್ತೇ ಉಂಟು.

ಒಂದು ಮಾತು. ನಿನ್ನ ಉಮ್ಮನಿಗೆ ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಇತ್ತಲ್ಲ, ಅದು ಮುಗಿದ ದಿನ ಏನು ಮಾಡುತ್ತಿದ್ದಿರಿ? ಇಲ್ಲಿ ಒಬ್ಬರು ಕೇಳುತ್ತಿದ್ದರು.

ಅಲಿಕುಂಞಿ

*

ಬೆಂಗ್ರೆ, ೧೫ ನವೆಂಬರ್ ೧೯೯೦
(ತಲುಪದೆ ವಾಪಸ್ಸು ಬಂದದ್ದು)

ಅಲಿಕುಂಞಿಯವರಿಗೆ,

ಹೆಸರು ಹಿಡಿದು ಬರೆದೆನೆಂದು ಬೇಸರ ಮಾಡಬೇಡಿ. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಎರಡು ಸಾವಿರದ ಇನ್ನೂರು. ನನ್ನ ಬೆಲೆ ಇಷ್ಟೆಂದು ಗೊತ್ತಾಯಿತು. ಒಳ್ಳೆಯದೇ ಆಯಿತು, ಅಂದಾಜಿನಲ್ಲಿ ಬದುಕುವುದು ಕಷ್ಟ. ನಾನೂ ಒಂದು ಲೆಕ್ಕ ಹೇಳುತ್ತೇನೆ. ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತೇನೆ, ಎರಡು ವರ್ಷದಿಂದ. ನಿಮಗೆ ಹೇಳಿರಲಿಲ್ಲ, ಗಲ್ಫಿನವನ ಹೆಂಡತಿ ಬೀಡಿ ಕಟ್ಟಿದರೆ ನಿಮಗೆ ಅವಮಾನ ಎಂದು. ಪಾಸ್‌ಪೋರ್ಟಿನ ದುಡ್ಡು ಅದರದ್ದು. ನಿಮಗೆ ತರಬೇಕೆಂದಿದ್ದ ಎರಡು ಅಂಗಿಯ ದುಡ್ಡೂ ಅದರದ್ದೇ.

ಉಮ್ಮನ ಮಾತ್ರೆ ಕೇಳಿದ್ದೀರಿ. ಅದು ಮುಗಿದ ದಿನ ಅವರ ಎದೆ ತಿಕ್ಕುತ್ತಾ ಬೆಳಗಾಗುವುದನ್ನು ಕಾದೆವು, ಬೇರೆ ಮದ್ದಿಲ್ಲ. "ಒಬ್ಬರು ಕೇಳುತ್ತಿದ್ದರು" ಎಂದರೆ ನನಗೆ ತಿಳಿಯುವುದಿಲ್ಲವಾ? ನೋವು ನಿಮಗೇ. ಎದೆ ಹಿಡಿದುಕೊಂಡು ದುಡ್ಡು ಕಾಯುತ್ತಿದ್ದೀರಿ.

ಪೆಟ್ಟಿಗೆ ಬಿಚ್ಚಿಟ್ಟೆ. ಇನ್ನು ಪತ್ರ ಬೇಡ.

ಝುಬೈದಾ

*

ಕುವೈತ್, ೧೮ ಮಾರ್ಚ್ ೧೯೯೧

ಝುಬೈದಾಗೆ,

ಬದುಕಿದ್ದೇನೆ. ಇರಾಕಿನವರು ಹೋದರು. ಹೋಗುವಾಗ ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟು ಹೋದರು. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹಚ್ಚಿಕೊಂಡು ಬರೆಯುತ್ತಿದ್ದೇನೆ. ಬಹರೈನಿಗೆ ಹೋಗುವವನೊಬ್ಬ ಇದನ್ನು ಅಲ್ಲಿ ಅಂಚೆಗೆ ಹಾಕುತ್ತಾನೆ. ಇನ್ನು ಬಿಚ್ಚಿ ಓದುವವರಿಲ್ಲ. ನಿಜ ಬರೆಯುತ್ತೇನೆ.

ಇಪ್ಪತ್ತೆರಡನೇ ಬರ್ತಿನವರು ಹೋಗಿರಲಿಲ್ಲ. ಆಗಸ್ಟಿನಲ್ಲಿ ಬಿಳಿಯರೆಲ್ಲ ಹೋಟೆಲಿಗೆ ಬಂದು ಹೆಸರು ಕೊಡಬೇಕೆಂದು ಆಜ್ಞೆಯಾಯಿತು. ಹೋದವರನ್ನು ಕಾರ್ಖಾನೆ, ಅಣೆಕಟ್ಟುಗಳ ಹತ್ತಿರ ಒತ್ತೆ ಇಡುತ್ತಾರೆ ಎಂದು ಸುದ್ದಿ. ಬಚ್ಚಿಟ್ಟವನಿಗೆ ನೇಣು. ಡೆನಿಸ್ ಹೋಟೆಲಿಗೆ ಹೋಗಲು ತಯಾರಾಗಿ ಅಂಗಿಗೆ ಇಸ್ತ್ರಿ ಹಾಕಿದ್ದ. ತಡೆದವನು ನಾನು. ಸಾಹೇಬ, ನನ್ನ ರಿಜಿಸ್ಟರಿನಲ್ಲಿ ನೀವು ಇಲ್ಲದಿದ್ದರೆ ಎಲ್ಲಿಯೂ ಇಲ್ಲ ಎಂದೆ. ಜುಲೈಯಲ್ಲಿ ಅವರನ್ನು ಕೂರಿಸಿದ ಬಾಯಿಯೂ ಇದೇ ಅಲ್ಲವಾ? ಅದೂ ತಲೆಯಲ್ಲಿತ್ತು.

ಆಗಸ್ಟ್ ಹದಿನೆಂಟರಂದು ಅವರನ್ನು ದೋಣಿಯ ಒಳಗೆ ಇಳಿಸಿ ಹೊರಗಿನಿಂದ ಹಿತ್ತಾಳೆ ಬೀಗ ಹಾಕಿದೆ. ಡೆಕ್ಕಿನ ಮೇಲೆ ಕೊಳೆತ ಮೀನಿನ ಬಕೆಟ್ ಇಟ್ಟೆ. ಸುತ್ತಲಿನ ದೋಣಿಗಳನ್ನೆಲ್ಲ ಸೈನಿಕರು ದೋಚಿದರು, ಅದರ ಹತ್ತಿರ ಮೂಗು ಹಿಡಿದು ತಿರುಗಿದರು. ಜೆಟ್ಟಿಯ ಕರೆಂಟ್ ಕಡಿದಿದ್ದರು. ಒಳಗೆ ಫ್ಯಾನಿಲ್ಲ. ಆ ಸೆಖೆ, ಆ ನಾತ, ನೆಟ್ಟಗೆ ನಿಲ್ಲಲು ಎತ್ತರವಿಲ್ಲದ ಮೂಲೆ. ಬೆಳಗಿನ ಜಾವ ಪೈಪು ಬಿಟ್ಟು ನಲವತ್ತು ಲೀಟರ್ ನೀರು ತುಂಬುತ್ತಿದ್ದೆ. ಸಾಕಾದರೆ ಮೇಡಂ ಒಳಗಿನಿಂದ ಎರಡು ಸಲ ತಟ್ಟುತ್ತಿದ್ದಳು. ಅಷ್ಟೇ ಮಾತು. ಕೆಲವು ಸಲ ಅನ್ನದ ಪಾತ್ರೆ ವಾಪಸ್ಸು ಬಂದಾಗ ಅದರಲ್ಲಿ ಬಿಳಿ ಕೂದಲು ಇರುತ್ತಿತ್ತು. ಕತ್ತಲೆಯಲ್ಲಿಯೂ ಶನಿವಾರ ತಪ್ಪಿಸಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ನನ್ನ ಜೇಬಿನಲ್ಲಿ ಆ ಬೀಗದ ಕೀಲಿ ಇತ್ತು. ಇನ್ನೊಬ್ಬನಿಗೆ ಕೊಟ್ಟರೆ ಅವನ ಕುತ್ತಿಗೆಗೂ ಹಗ್ಗ. ಅದಕ್ಕೆ ಇಳಿದೆ. ಆಮೇಲೆ ನಿನಗೆ ದುಡ್ಡಿನ ಕಾರಣ ಬರೆದೆ. ದುಡ್ಡಿಗೆ ಉಳಿದ ಗಂಡನ ಮೇಲೆ ಸಿಟ್ಟು ಮಾಡಿಕೊಂಡು ನೀನು ನಿದ್ದೆ ಮಾಡುತ್ತೀ, ನೇಣಿನ ಸುದ್ದಿ ಕೇಳಿದರೆ ನಿದ್ದೆ ಬಿಡುತ್ತೀ ಎಂದು ನನ್ನ ಲೆಕ್ಕ. ಮಾತ್ರೆ ಕೇಳಿದ್ದು ಡೆನಿಸ್‌ಗೆ. ಅವನಿಗೂ ಎದೆನೋವು, ಸೆಪ್ಟೆಂಬರಿನಲ್ಲೇ ಅವನ ಮಾತ್ರೆ ಮುಗಿದಿತ್ತು.

ನವೆಂಬರ್ ಹತ್ತೊಂಬತ್ತಕ್ಕೆ ಆಫೀಸಿಗೆ ಒಬ್ಬ ಇರಾಕಿ ಬಂದ. ಕನ್ನಡಕದ ಸಣಕಲ ಮನುಷ್ಯ. ಯುದ್ಧಕ್ಕೆ ಮೊದಲು ಬಸ್ರಾದಲ್ಲಿ ಖರ್ಜೂರದ ಅಂಗಡಿಯ ಗುಮಾಸ್ತನಂತೆ. ಬಂದೂಕು ಬಾಗಿಲಿಗೆ ಒರಗಿಸಿ, ರಿಜಿಸ್ಟರ್ ಬಿಚ್ಚಿ, ಬೆರಳಿಟ್ಟು ಓದುತ್ತಾ ಹೋದ.

"ಅಂಕೆ ಚಂದ ಉಂಟು. ನೀನೇ ಬರೆದದ್ದಾ ಭಾಯಿ?"

"ಹೌದು ಸಾಹೇಬ."

"ದಿನಾ ಬರೆಯುತ್ತೀಯಾ?"

"ಒಂದು ದಿನ ಬಿಟ್ಟಿಲ್ಲ."

"ಇಪ್ಪತ್ತೆರಡರಲ್ಲಿ ಜನ ಸೊನ್ನೆ." ಬೆರಳು ಪಕ್ಕದ ಕಲಮಿಗೆ ಸರಿಯಿತು. "ನೀರು ನಲವತ್ತು. ನಿನ್ನೆ ನಲವತ್ತು. ಮೊನ್ನೆ ನಲವತ್ತು. ನೀರು ಯಾರು ಕುಡಿಯುವುದು, ದೋಣಿಯಾ?"

ಜನರ ಕಲಮಿನಲ್ಲಿ ಸೊನ್ನೆ ಹಾಕಲು ನನಗೆ ನೆನಪಿತ್ತು ಝುಬೈದಾ. ನೀರಿನ ಕಲಮಿನಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. ಬರೆದರೆ ತಿಂಗಳ ಕೊನೆಗೆ ದೊಡ್ಡ ಮೀಟರಿಗೆ ತಾಳೆ ಬರುತ್ತಿರಲಿಲ್ಲ. ತಾಳೆ ನೋಡಲು ಮಾಲೀಕ ಇರಲಿಲ್ಲ, ಬಿಲ್ಲು ಕಟ್ಟಲು ಸರಕಾರ ಇರಲಿಲ್ಲ. ಆದರೂ ತೊಂಬತ್ತಮೂರು ದಿನ ಬೆಳಿಗ್ಗೆ ಆರಕ್ಕೆ ಮೀಟರ್ ನೋಡಿ, ಸ್ವಂತ ಕೈಯಿಂದ, ಚಂದದ ಅಂಕೆಯಲ್ಲಿ ಬರೆದೆ.

ಬೀಗ ನನ್ನಿಂದಲೇ ತೆಗೆಸಿದರು. ಡೆನಿಸ್‌ಗೆ ನಿಲ್ಲಲಾಗಲಿಲ್ಲ, ಇಬ್ಬರು ಎತ್ತಿಕೊಂಡು ಬಂದರು. ಬೆಳಕಿಗೆ ಕಣ್ಣು ಮುಚ್ಚಿಕೊಂಡೇ ಇದ್ದ. ನನ್ನ ಪಕ್ಕ ಬಂದಾಗ, "ಮಿಸ್ಟರ್ ಅಲಿ, ಡೆಕ್ಕಿಗೆ ನೀರು ಹಾಕುತ್ತಿರು, ಮರ ಬಿರಿಯುತ್ತದೆ" ಎಂದ. ಮೂರನೇ ದಿನ ಠಾಣೆಯಲ್ಲಿ ಸತ್ತ. ಮೇಡಮ್ಮನನ್ನು ಬಾಗ್ದಾದಿಗೆ ಕಳಿಸಿದರು. ನನ್ನ ಬರೆಯುವ ಕೈ ಯಾವುದೆಂದು ಕೇಳಿದರು. ಎಡಗೈ ಎಂದು ಸುಳ್ಳು ಹೇಳಿದೆ. ಅದರ ಎರಡು ಬೆರಳು ಮುರಿದರು. ಸಮಯಕ್ಕೆ ಬಂದ ಸುಳ್ಳು ಅದೊಂದೇ.

ಡಿಸೆಂಬರ್ ಆರಕ್ಕೆ ಬಿಳಿಯರನ್ನೆಲ್ಲ ಬಿಟ್ಟುಬಿಡಿ ಎಂದು ಆಜ್ಞೆ ಬಂತು. ಒತ್ತೆ ಖಲಾಸ್, ಬಚ್ಚಿಟ್ಟ ಅಪರಾಧವೂ ಖಲಾಸ್. ನನ್ನನ್ನೂ ಹೊರಗೆ ಹಾಕಿದರು, ಪಾಸ್‌ಪೋರ್ಟ್ ಕೊಡಲಿಲ್ಲ. ನಾನು ಆ ಕಲಂ ಖಾಲಿ ಬಿಟ್ಟು, ಇನ್ನು ಹದಿನೇಳು ದಿನ ದಾಟಿದ್ದರೆ ಇಬ್ಬರೂ ಒಟ್ಟಿಗೆ ವಿಮಾನ ಹತ್ತುತ್ತಿದ್ದರು. ನಾನು ಏನೂ ಮಾಡದೆ, ಇಸ್ತ್ರಿಯ ಅಂಗಿ ಹಾಕಿಕೊಂಡು ಆತ ಹೋಟೆಲಿಗೆ ಹೋಗಲು ಬಿಟ್ಟಿದ್ದರೂ ಹತ್ತುತ್ತಿದ್ದರು. ಅಲ್ಲಿ ಡಾಕ್ಟರು ಇದ್ದರಂತೆ. ಯಾವ ಕಡೆಯಿಂದ ಕೂಡಿಸಿದರೂ ಉಳಿಯುವ ಬಾಕಿ ನಾನೇ.

ಕೋಣೆ ಇನ್ನೂ ಉಂಟು. ಪರದೆಯೂ ಉಂಟು. ಹೊಸ ವೀಸಾ ಕೇಳುತ್ತೇನೆ. ಬಾ.

ಅಲಿಕುಂಞಿ

*

ಬೆಂಗ್ರೆ, ೧೦ ಮೇ ೧೯೯೧

ಅಲಿಕುಂಞಿಯವರಿಗೆ,

ನೀವು ಬದುಕಿದ್ದಕ್ಕೆ ಅಲ್ಲಾಹನಿಗೆ ಸ್ತುತಿ. ಆ ಮುದುಕನಿಗಾಗಿ ಎರಡು ದಿನ ಅತ್ತೆ. ಮೂರನೇ ದಿನ ನನಗಾಗಿ.

ನವೆಂಬರಿನಲ್ಲಿ ಪೆಟ್ಟಿಗೆ ಬಿಚ್ಚಿಟ್ಟೆ ಎಂದು ಬರೆದದ್ದು ಸುಳ್ಳು. ಬಿಚ್ಚಿರಲಿಲ್ಲ. ದುಡ್ಡಿನ ಆಸೆಗೆ ಉಳಿದವರು ದುಡ್ಡು ಸಿಕ್ಕಿದ ದಿನ ಬರುತ್ತಾರೆ ಎಂದು ಕಾದೆ. ಅಂಥವರಿಗಾಗಿ ಕಾಯುವುದು ನನಗೆ ಅಭ್ಯಾಸವಿತ್ತು. ಮೊನ್ನೆ ನಿಮ್ಮ ನಿಜದ ಪತ್ರ ಓದಿ ಬಿಚ್ಚಿದೆ. ಮಸಾಲೆಗೆ ಹುಳ ಹಿಡಿದಿತ್ತು.

ನೀವು ಮಾಡಿದ್ದು ಒಳ್ಳೆಯ ಕೆಲಸ. ಊರಿನವರು ಹೊಗಳುತ್ತಾರೆ, ನಿಮ್ಮ ಅಕ್ಕ ಕೂಡ. ಆದರೆ ನಿಮ್ಮ ಕುತ್ತಿಗೆಯಲ್ಲಿ ನನಗೂ ಪಾಲಿತ್ತು. ಕೇಳದೆ ಅಡವಿಟ್ಟಿರಿ. ಮುತ್ತಲಿಬನ ಬಾಯಲ್ಲಿ ಒಂದು ಮಾತು ಹೇಳಿ ಕಳಿಸಬಹುದಿತ್ತು, "ಕೆಲಸ ಉಂಟು, ನನ್ನನ್ನು ನಂಬು" ಅಂತ. ಕಾಗದದಲ್ಲಿ ಅಲ್ಲ, ಬಾಯಲ್ಲಿ. ನಾನು ನಂಬುತ್ತಿದ್ದೆ. ನೀವು ಅವರನ್ನು ಒಳಗಿಟ್ಟು ಬೀಗ ಹಾಕಿದಿರಿ, ನನ್ನನ್ನು ಹೊರಗಿಟ್ಟು ಹಾಕಿದಿರಿ. ಅವಳು ತಟ್ಟಿದರೆ ನೀವು ಕೇಳುವಷ್ಟು ಹತ್ತಿರ ಇದ್ದಳು.

ವೀಸಾ ಬೇಡ. ಪತ್ರಗಳನ್ನೆಲ್ಲ ಕಳಿಸಿದ್ದೇನೆ, ತಲುಪಿದ್ದು, ತಲುಪದ್ದು. ಲೆಕ್ಕ ನೀವೇ ಮಾಡಿ.

ಝುಬೈದಾ

*

ಕುವೈತ್, ೧೦ ಜೂನ್ ೧೯೯೧, ಮುಂದುವರಿದದ್ದು

ಜೋಡಿಸಿ ಆಯಿತು. ಮುತ್ತಲಿಬನ ಬಾಯಲ್ಲಿ ಹೇಳಿ ಕಳಿಸಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಬರೆಯದ್ದು ನನ್ನ ತಲೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವೀಸಾ ಕೇಳಲು ಹೋಗಿಲ್ಲ. ಈಗ ಯಾರ ಪಾಲಿಗೆ ಏನು ಬಂತೆಂದು ಬರೆದು ಮುಗಿಸುತ್ತೇನೆ.

ಕುಂಞಿಪಾತುಮ್ಮನಿಗೆ ನನ್ನ ಸೀಟು ಸಿಕ್ಕಿತು. ಉಪ್ಪಿನಂಗಡಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಅಹ್ಮದ್ ಬಾವಾ ಬಂದರಿನಲ್ಲಿ ದಿನಸಿ ಅಂಗಡಿ ಇಟ್ಟ. ಬಸ್ರಾದ ಗುಮಾಸ್ತನಿಗೆ ಅವನ ದೊಡ್ಡವರಿಂದ ಒಂದು ಶಹಬ್ಬಾಸ್, ಮೇಲೆ ನನ್ನ ರಿಜಿಸ್ಟರ್. ಅಬು ಫೈಸಲ್‌ಗೆ ಮರೀನಾ ವಾಪಸ್ಸು. ಅವರು ಬಂದ ಮರುದಿನವೇ ನನ್ನ ಸರ್ವೀಸಿನ ಹಣ ಪೂರ್ತಿ ಎಣಿಸಿ ಕೊಟ್ಟರು. ನಿನಗೆ ನಾನು ಸುಳ್ಳಾಗಿ ಬರೆದ ಕಾರಣ ಹೀಗೆ ನಿಜವಾಯಿತು. ಡ್ರಾಫ್ಟ್ ನಿನ್ನ ಹೆಸರಿಗೆ ಇದರೊಳಗೆ ಉಂಟು. ಬೇಡವಾದರೆ ಹಿಂದೆ ಕಳಿಸು, ನಾನೇನೂ ಅಂದುಕೊಳ್ಳುವುದಿಲ್ಲ.

ಮಾರ್ಜರಿ ಮೇಡಮ್ಮಿಗೆ ವಿಮಾನದಲ್ಲಿ ಒಬ್ಬರ ಜಾಗ. ಮನೆ ಮಾರಿ ಬಂದವಳು, ಈಗ ತಂಗಿಯ ಮನೆಯಲ್ಲಿ ಇದ್ದಾಳೆ. ನನ್ನ ಹೆಸರಿಗೆ ಒಂದು ಕಾರ್ಡ್ ಹಾಕಿದ್ದಳು, ಥ್ಯಾಂಕ್ಸ್ ಎಂದು. ಮೀಟರಿನ ವಿಷಯ ಅವಳಿಗೆ ಗೊತ್ತಿಲ್ಲ. ಡೆನಿಸ್‌ಗೆ ಆರು ಅಡಿ, ಎಲ್ಲಿ ಎಂದು ಯಾರೂ ಬರೆದಿಟ್ಟಿಲ್ಲ.

ನಿನಗೆ ದಿನಕ್ಕೆ ಎಂಟುನೂರು ಬೀಡಿ, ಒಂದು ಪಾಸ್‌ಪೋರ್ಟ್, ಖಾಲಿ ಪೆಟ್ಟಿಗೆ.

ನನಗೆ ಹಿತ್ತಾಳೆ ಬೀಗ ಒಂದು, ಅದರ ಕೀಲಿ ಒಂದು.

ದೋಣಿಯನ್ನು ಹೋದ ತಿಂಗಳು ಕ್ರೇನಿನಲ್ಲಿ ಎತ್ತಿ ಒಯ್ದರು. ಡೆಕ್ಕಿನ ಮರ ಬಿರಿದಿತ್ತು. ಅಬು ಫೈಸಲ್ ಹೊಸ ರಿಜಿಸ್ಟರ್ ತಂದುಕೊಟ್ಟಿದ್ದಾರೆ. ಇಂದು ಬೆಳಿಗ್ಗೆ ಆರಕ್ಕೆ ನೋಡಿ ಬರೆದೆ. ಇಪ್ಪತ್ತೆರಡನೇ ಬರ್ತ್: ಜನ ಸೊನ್ನೆ, ನೀರು ಸೊನ್ನೆ. ತಾಳೆ ಬಂತು.

ಅಲಿಕುಂಞಿ